ಕೋಟ ಶಿವರಾಮ ಕಾರಂತರು: ಮಣ್ಣು, ವಿಜ್ಞಾನ ಮತ್ತು ಎಲೆಯ ಹಸಿರು

ಸಾಲಿಗ್ರಾಮವು ಇಂದು ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಪಟ್ಟಣ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಬೈಲು, ಮಜಲು, ಬೆಟ್ಟುಗಳಾಗಿ ಏರುತ್ತ ಹೋಗುವ ಗದ್ದೆಗಳು, ನಡುವೆ ರಾಷ್ಟ್ರೀಯ ಹೆದ್ದಾರಿ 66 ಮತ್ತು ಗುರುನರಸಿಂಹ ದೇವಾಲಯ. ಕರಾವಳಿಯ ರೈತರಿಗೆ ಇದು ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ನೆರೆಯ ಊರು. ಕನ್ನಡದ ಓದುಗರಿಗೆ ಇದು ಕೋಟ ಶಿವರಾಮ ಕಾರಂತರು ತಮ್ಮ ಬದುಕಿನ ಕೊನೆಯ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದ್ದ ಊರು.

ಕಾರಂತರನ್ನು ಕಾದಂಬರಿಕಾರರೆಂದೂ ಯಕ್ಷಗಾನದ ಪುನರುಜ್ಜೀವಕರೆಂದೂ ನೆನೆಯುವುದು ರೂಢಿ. ಕೃಷಿಕರ ಕಡೆಯಿಂದ ನೋಡಿದಾಗ ಅವರ ಇನ್ನೊಂದು ಕೆಲಸ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ವಿಜ್ಞಾನದ ಪದವಿಯಿಲ್ಲದ ಈ ಮನುಷ್ಯ ಸಸ್ಯ, ಪ್ರಾಣಿ, ಭೂಮಿ, ಆಕಾಶಗಳ ತಿಳಿವಳಿಕೆಯನ್ನು ಕನ್ನಡ ಮಾತ್ರ ಬಲ್ಲವರ ಮನೆಗೆ ತಲುಪಿಸಲು ಜೀವಮಾನದ ಹಲವು ವರ್ಷಗಳನ್ನು ವ್ಯಯಿಸಿದರು. ಈ ಲೇಖನದಲ್ಲಿ ಆ ಕೆಲಸಕ್ಕೇ ಹೆಚ್ಚು ಸ್ಥಳ ನೀಡಲಾಗಿದೆ. ಪ್ರಶಸ್ತಿಗಳ ಪಟ್ಟಿ ಬೇರೆಡೆ ಸುಲಭವಾಗಿ ದೊರೆಯುತ್ತದೆ.

ಅವರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಸಾಲಿಗ್ರಾಮಕ್ಕೆ ಹೊಂದಿಕೊಂಡಿರುವ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ಈ ಪ್ರದೇಶ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಳೆಗಾಲದಲ್ಲಿ ನೀರು ನಿಲ್ಲುವ ಬೈಲುಗದ್ದೆ, ಬೇಸಿಗೆಯಲ್ಲಿ ಉಪ್ಪು ನುಗ್ಗುವ ಹಿನ್ನೀರಿನ ಅಂಚು, ತೆಂಗಿನ ತೋಟ, ರಾತ್ರಿಯ ಯಕ್ಷಗಾನ: ಮುಂದೆ ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಲೋಕ ಇದೇ. ಕುಂದಾಪುರದಲ್ಲಿ ಪ್ರೌಢಶಾಲೆ ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದರಾದರೂ, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಖಾದಿ ಮತ್ತು ಸ್ವದೇಶಿ ಪ್ರಚಾರದಲ್ಲಿ ಕೆಲವು ವರ್ಷ ಊರೂರು ಅಲೆದರು. ‘ವಸಂತ’ ಎಂಬ ಪತ್ರಿಕೆಯನ್ನು ನಡೆಸಿದರು. ಹೀಗೆ ಅವರ ವಿದ್ಯಾಭ್ಯಾಸ ತರಗತಿಯಲ್ಲಿ ನಿಂತುಹೋಯಿತು. ಅನಂತರ ಕಲಿತದ್ದೆಲ್ಲ ಸ್ವಂತ ಓದಿನಿಂದ, ತಿರುಗಾಟದಿಂದ.

ಮುಂದೆ ಅವರು ನೆಲೆ ನಿಂತದ್ದು ಪುತ್ತೂರಿನಲ್ಲಿ. ಸಹಕಾರಿ ಚಳವಳಿಯ ಮುಂದಾಳು ಮೊಳಹಳ್ಳಿ ಶಿವರಾಯರ ಒಡನಾಟ ಅವರಿಗೆ ಅಲ್ಲಿ ದೊರೆಯಿತು. ಪುತ್ತೂರಿನ ‘ಬಾಲವನ’ ಮಕ್ಕಳ ಶಿಕ್ಷಣದ ಪ್ರಯೋಗಶಾಲೆಯಾಯಿತು. ಪಾಠವೆಂದರೆ ಬಾಯಿಪಾಠ ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಆಟ, ನಾಟಕ, ಚಿತ್ರ, ಸುತ್ತಾಟಗಳ ಮೂಲಕ ಮಕ್ಕಳು ಕಲಿಯಬೇಕೆಂಬುದು ಅವರ ನಿಲುವಾಗಿತ್ತು. 1936ರಲ್ಲಿ ಲೀಲಾ ಆಳ್ವರನ್ನು ವಿವಾಹವಾದರು. ಜಾತಿಯ ಗೆರೆ ದಾಟಿದ ಆ ಮದುವೆ ಅಂದಿನ ಸಮಾಜದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಕಾರಂತರ ಬರವಣಿಗೆಯ ಅಪಾರ ಹೊರೆಯ ಹಿಂದೆ ಮನೆಯನ್ನು ನಿಭಾಯಿಸಿದವರು ಲೀಲಾ ಕಾರಂತರು. 1986ರಲ್ಲಿ ಅವರು ತೀರಿಕೊಳ್ಳುವವರೆಗೆ ಈ ಸಂಸಾರ ಅರ್ಧ ಶತಮಾನ ನಡೆಯಿತು.

ಮದುವೆಯಾದ ವರ್ಷದ ಆಸುಪಾಸಿನಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ ‘ಬಾಲಪ್ರಪಂಚ’ ಹೊರಬಂತು. ವಿದ್ವಾಂಸರ ಮಂಡಳಿ ಕುಳಿತು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದ್ದರು. ಇಂಗ್ಲಿಷ್ ಮಕ್ಕಳಿಗೆ ಅಂಥ ಪುಸ್ತಕಗಳು ಹೇರಳವಾಗಿದ್ದವು. ಕನ್ನಡದ ಮಗುವಿಗೆ, ಅದರಲ್ಲಿಯೂ ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಬರುವ ಮಗುವಿಗೆ, ತನ್ನ ಕಾಲ ಕೆಳಗಿನ ಮಣ್ಣು ಎಲ್ಲಿಂದ ಬಂತು, ಪಕ್ಕದ ಪೈರು ಏನನ್ನು ತಿಂದು ಬೆಳೆಯುತ್ತದೆ ಎಂದು ತಿಳಿಸುವ ಒಂದು ಪುಸ್ತಕವೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಈ ಕೆಲಸದಲ್ಲಿ ಎದುರಾಗುವ ಕಷ್ಟ ಎಂಥದು ಎಂಬುದನ್ನು ಅರಿಯಲು ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಎಲೆ ಏಕೆ ಹಸಿರು, ಬೇರು ಏಕೆ ಹಸಿರಲ್ಲ? ಯಾವ ಮಗುವಾದರೂ ಕೇಳುವ ಪ್ರಶ್ನೆ ಇದು. ರೈತರೂ ಇದನ್ನು ಬೇರೆ ರೂಪದಲ್ಲಿ ಕೇಳುತ್ತಾರೆ: ಪೈರು ಏಕೆ ಹಳದಿಯಾಯಿತು?

ಉತ್ತರ ಹೇಳಲು ಹೊರಟರೆ ಮೊದಲು ಪದ ಬೇಕು. ಎಲೆಗೆ ಬಣ್ಣ ಕೊಡುವ ವಸ್ತುವಿಗೆ ಕನ್ನಡದಲ್ಲಿ ಪತ್ರಹರಿತ್ತು ಎಂಬ ಹೆಸರು ನಿಂತಿದೆ. ಮೂಲದ ಕ್ಲೋರೋಫಿಲ್ ಎಂಬುದೂ ಎಲೆಯ ಹಸಿರು ಎಂಬ ಅರ್ಥದ ಗ್ರೀಕ್ ಪದಗಳಿಂದಲೇ ಆದದ್ದು. ಆದರೆ ಈ ಎರಡೂ ಹೆಸರುಗಳು ಓದುಗರನ್ನು ಕೊಂಚ ದಾರಿ ತಪ್ಪಿಸುತ್ತವೆ. ಹಸಿರು ಇರುವುದು ಎಲೆಯಲ್ಲಿ ಮಾತ್ರ ಅಲ್ಲ. ಎಲೆಯ ಎಲ್ಲ ಭಾಗಗಳಲ್ಲಿಯೂ ಅದು ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಬಣ್ಣ ಜೀವಕೋಶದ ತುಂಬ ಕಲಸಿಕೊಂಡಿರುವುದಿಲ್ಲ. ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಹಸಿರು ಕಣಗಳಲ್ಲಿ ಅದು ಅಡಕವಾಗಿರುತ್ತದೆ. ಎಲೆಯ ಒಂದೊಂದು ಕೋಶದಲ್ಲಿ ಅಂಥ ಹತ್ತಾರು ಕಣಗಳು, ಕೆಲವು ಬೆಳೆಗಳಲ್ಲಿ ನೂರಕ್ಕೂ ಮಿಕ್ಕಿ, ಇರುತ್ತವೆ. ಬಿಸಿಲಿನ ಬಲದಿಂದ ನೀರನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಸೇರಿಸಿ ಸಕ್ಕರೆ ಮಾಡುವ ಅಡುಗೆಮನೆಗಳು ಇವೇ.

ಈ ಅಡುಗೆಮನೆ ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವುದು ಬೆಳಕು ಮತ್ತು ಗಾಳಿ. ಎಲೆಯ ಹೊರಚರ್ಮದ ಕೋಶಗಳಲ್ಲಿ ಬಹುಪಾಲು ನೆಲದ ಸಸ್ಯಗಳಲ್ಲಿ ಬೆಳೆದ ಕ್ಲೋರೋಪ್ಲಾಸ್ಟ್‌ಗಳಿರುವುದಿಲ್ಲ. ಕರಾವಳಿಯ ಹಂಚಿನ ಮನೆಯಲ್ಲಿ ಒಳಗೆ ಬೆಳಕು ಬೀಳಲೆಂದು ನಡುವೆ ಗಾಜಿನ ಹಂಚನ್ನು ಇಡುವಂತೆ, ಹೊರಚರ್ಮ ಬೆಳಕನ್ನು ಒಳಕ್ಕೆ ಬಿಟ್ಟುಕೊಡುತ್ತದೆ. ಅದರ ಕೆಳಗೆ ಮಾವು, ಹಲಸು, ಬದನೆಗಳಂಥ ಗಿಡಗಳಲ್ಲಿ ಕಂಬಗಳಂತೆ ಒತ್ತಾಗಿ ನಿಂತ ಕೋಶಗಳ ಸಾಲು ಇದ್ದು, ಹಸಿರು ಕಣಗಳು ಅಲ್ಲಿ ಅತಿ ಹೆಚ್ಚು. ಆದ್ದರಿಂದಲೇ ಆ ಎಲೆಗಳ ಮೇಲ್ಭಾಗ ಗಾಢ ಹಸಿರು, ಅಡಿಭಾಗ ಪೇಲವ. ಹೊರಚರ್ಮದಲ್ಲಿ ಒಂದು ಅಪವಾದವಿದೆ: ಪತ್ರರಂಧ್ರಗಳ ಇಕ್ಕೆಲಗಳಲ್ಲಿರುವ ಕಾವಲು ಕೋಶಗಳಲ್ಲಿ ಹಸಿರು ಕಣಗಳು ಇರುತ್ತವೆ. ಕೆರೆ, ಮದಗಗಳಲ್ಲಿ ಮುಳುಗಿಯೇ ಬೆಳೆಯುವ ಪಾಚಿಗಿಡಗಳ ಕಥೆ ಬೇರೆ. ನೀರಿನೊಳಗೆ ಬೆಳಕು ಕಡಿಮೆ. ಆ ಗಿಡಗಳು ಹೊರಚರ್ಮದಲ್ಲಿಯೇ ಹಸಿರನ್ನು ತುಂಬಿಕೊಂಡಿರುತ್ತವೆ.

ಭತ್ತದ ಎಲೆಯಲ್ಲಿ ಕಂಬದ ಸಾಲು ಇಲ್ಲ. ಅದರ ಒಳಕೋಶಗಳು ಅಂಚಿನಲ್ಲಿ ಅಂಕುಡೊಂಕಾಗಿದ್ದು, ಕ್ಲೋರೋಪ್ಲಾಸ್ಟ್‌ಗಳು ಕೋಶದ ಗೋಡೆಗೆ ಒತ್ತಿಕೊಂಡು ಸುತ್ತಲೂ ಹರಡಿರುತ್ತವೆ. ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ದೂರ ಸಾಗದೆ ಅವುಗಳನ್ನು ತಲುಪುತ್ತದೆ. ಕಬ್ಬು, ಜೋಳ, ರಾಗಿಗಳಲ್ಲಿ ವ್ಯವಸ್ಥೆ ಇನ್ನೂ ವಿಶೇಷ: ಎಲೆಯ ನರದ ಸುತ್ತ ಉಂಗುರದಂತೆ ನಿಂತ ಕೋಶಗಳಲ್ಲಿಯೂ ದೊಡ್ಡ ಕ್ಲೋರೋಪ್ಲಾಸ್ಟ್‌ಗಳಿದ್ದು, ಸಕ್ಕರೆ ತಯಾರಾಗುವುದು ಅಲ್ಲಿ. ಬಿರುಬಿಸಿಲಿನಲ್ಲಿ ಕಬ್ಬು ಭತ್ತವನ್ನು ಮೀರಿಸುವುದಕ್ಕೆ ಇದೇ ಕಾರಣ. ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಗದ್ದೆಯಲ್ಲಿ ಕಬ್ಬು ಬೆಳೆದ ಹಿರಿಯರಿಗೆ ಈ ವ್ಯತ್ಯಾಸ ಕಣ್ಣಳತೆಯಲ್ಲಿಯೇ ಗೊತ್ತು.

ಎಲೆಯಾಚೆಗೂ ಬೆಳಕು ಬೀಳುವಲ್ಲೆಲ್ಲ ಹಸಿರು ನೆಲೆಸುತ್ತದೆ. ಅಡಿಕೆ ಮರದ ತುದಿಯಲ್ಲಿ ಹಾಳೆಗಳು ಸುತ್ತಿಕೊಂಡ ಭಾಗ, ಅದರ ಕೆಳಗಿನ ಎಳೆಯ ಕಾಂಡ, ಭತ್ತದ ಎಲೆಯ ತೊಟ್ಟು ಮತ್ತು ಹಾಲುತುಂಬುವ ಹಂತದ ತೆನೆ, ಮಟ್ಟುಗುಳ್ಳದ ಸಿಪ್ಪೆ, ಎಲೆಯೇ ಇಲ್ಲದ ಪಾಪಾಸುಕಳ್ಳಿಯ ಕಾಂಡ, ಮರದ ಮೇಲೆ ಹಬ್ಬಿದ ಸೀತಾಳೆಯ ತೂಗುಬೇರಿನ ತುದಿ, ಕುಂದಾಪುರದ ಹಿನ್ನೀರಿನಲ್ಲಿ ತಾಯಿಮರದಲ್ಲಿಯೇ ಮೊಳೆತು ತೂಗುವ ಕಾಂಡ್ಲದ ಸಸಿ, ಇವೆಲ್ಲವೂ ಹಸಿರು. ಮಣ್ಣಿನೊಳಗಿನ ಬೇರಿಗೆ ಬೆಳಕಿಲ್ಲ. ಅಲ್ಲಿ ಹಸಿರನ್ನು ಕಟ್ಟಿ ಸಾಕುವುದು ಗಿಡಕ್ಕೆ ನಷ್ಟದ ವ್ಯಾಪಾರ. ಆದರೆ ಬೇರು, ಗೆಡ್ಡೆಗಳಲ್ಲಿಯೂ ಅದೇ ಮೂಲದ ಕಣಗಳಿದ್ದು, ಬಣ್ಣವಿಲ್ಲದೆ ಪಿಷ್ಟವನ್ನು ಕೂಡಿಡುವ ಕೆಲಸ ಮಾಡುತ್ತವೆ. ಆಲೂಗಡ್ಡೆಯನ್ನು ಬೆಳಕಿನಲ್ಲಿ ಇಟ್ಟರೆ ಆ ಕಣಗಳೇ ಕ್ಲೋರೋಪ್ಲಾಸ್ಟ್‌ಗಳಾಗಿ ಸಿಪ್ಪೆ ಹಸಿರಾಗುತ್ತದೆ. ಅದೇ ಬೆಳಕಿಗೆ ಸೋಲನೈನ್ ಎಂಬ ವಿಷಾಂಶವೂ ಹೆಚ್ಚುವುದರಿಂದ ಹಸಿರಾದ ಆಲೂಗಡ್ಡೆಯನ್ನು ಅಡುಗೆಗೆ ಬಳಸಬಾರದು. ಇದಕ್ಕೆ ವಿರುದ್ಧವಾಗಿ ಮೆಣಸಿನಕಾಯಿ ಹಣ್ಣಾಗುವಾಗ, ಅಡಿಕೆ ಹಣ್ಣಾಗಿ ಕೆಂಪಡರುವಾಗ, ಹಸಿರು ಕಣಗಳೇ ರೂಪ ಬದಲಿಸಿ ಹಳದಿ, ಕೆಂಪು ವರ್ಣಗಳ ಕಣಗಳಾಗುತ್ತವೆ.

ಈ ಜ್ಞಾನವೂ ಒಂದೇ ದಿನದಲ್ಲಿ ಬಂದುದಲ್ಲ. 1779ರಲ್ಲಿ ಯಾನ್ ಇಂಗನ್‌ಹೌಸ್ ಎಂಬ ಡಚ್ ವೈದ್ಯ ಗಿಡದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ತೋರಿಸಿದ. 1837ರಲ್ಲಿ ಜರ್ಮನಿಯ ಹ್ಯೂಗೋ ಫಾನ್ ಮೋಲ್ ಹಸಿರು ಕಣಗಳನ್ನು ವಿವರವಾಗಿ ವರ್ಣಿಸಿದ. ಅದಾಗಿ ನೂರು ವರ್ಷಗಳ ಮೇಲೆಯೂ, ಅಂದರೆ ‘ಬಾಲಪ್ರಪಂಚ’ ಅಚ್ಚಾದ ಸಮಯಕ್ಕೆ, ಗಿಡ ಹೊರಬಿಡುವ ಆಮ್ಲಜನಕ ನೀರಿನದೋ ಇಂಗಾಲದ ಡೈಆಕ್ಸೈಡಿನದೋ ಎಂಬುದೇ ಇತ್ಯರ್ಥವಾಗಿರಲಿಲ್ಲ. 1937ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹಿಲ್ ಎಲೆಯಿಂದ ಬೇರ್ಪಡಿಸಿದ ಕ್ಲೋರೋಪ್ಲಾಸ್ಟ್‌ಗಳೇ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ ಎಂದು ಕಂಡುಹಿಡಿದರು. 1941ರಲ್ಲಿ ಅದು ನೀರಿನಿಂದ ಬರುತ್ತದೆ ಎಂಬುದಕ್ಕೆ ಅಮೆರಿಕದಿಂದ ಸಾಕ್ಷ್ಯ ಬಂತು. ಸಕ್ಕರೆ ತಯಾರಾಗುವ ಹಂತಗಳನ್ನು ಬಿಡಿಸಿದ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1961ರಲ್ಲಿ. ಕಬ್ಬಿನ ಎಲೆಯ ವಿಶೇಷ ವಿಧಾನ ಸ್ಪಷ್ಟವಾದದ್ದು 1966ರಲ್ಲಿ.

ಹೀಗೆ ವಿಜ್ಞಾನ ಕಣ್ಣೆದುರೇ ಬದಲಾಗುತ್ತಿದ್ದ ಕಾಲದಲ್ಲಿ ಅದನ್ನು ಕನ್ನಡಕ್ಕೆ ತರುವವರು ಒಮ್ಮೆ ಬರೆದು ಕೈತೊಳೆದುಕೊಳ್ಳುವಂತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಕಾರಂತರು ಮತ್ತೊಮ್ಮೆ ಅದೇ ಹೊರೆಯನ್ನು ಹೊತ್ತರು. ಈ ಬಾರಿ ದೊಡ್ಡವರಿಗಾಗಿ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ವಯಸ್ಸು ಅರವತ್ತರ ಹತ್ತಿರ. ಇದೇ ಕಾಲಾವಧಿಯಲ್ಲಿ ಹಿರಿಯ ಮಗ ಹರ್ಷ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡದ್ದು ಆ ಕುಟುಂಬದ ದೊಡ್ಡ ಆಘಾತ. ಕೆಲಸ ನಿಲ್ಲಲಿಲ್ಲ. ರಾಕೆಲ್ ಕಾರ್ಸನ್ ಅವರ ಸಮುದ್ರ ವಿಜ್ಞಾನದ ಕೃತಿಯನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ಅವರೇ. ಕೋಟದ ಕಡಲ ಬದಿಯಲ್ಲಿ ಬೆಳೆದವರು ಆ ಪುಸ್ತಕವನ್ನು ಆರಿಸಿಕೊಂಡದ್ದು ಸಹಜವೇ ಆಗಿದೆ. ಸಸ್ಯವಿಜ್ಞಾನವನ್ನು ಕನ್ನಡದಲ್ಲಿ ಇನ್ನೊಂದು ಎತ್ತರಕ್ಕೆ ಒಯ್ದ ಬಿ.ಜಿ.ಎಲ್. ಸ್ವಾಮಿಯವರು ಸ್ವತಃ ಸಸ್ಯವಿಜ್ಞಾನಿಗಳು. ಕಾರಂತರಿಗೆ ಆ ಅನುಕೂಲವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಎಲೆ ಏಕೆ ಹಸಿರು ಎಂಬುದು ರೈತರಿಗೆ ತಿಳಿದಿರುವುದರಿಂದ ಆಗುವ ಪ್ರಯೋಜನ ಹಣದ ಲೆಕ್ಕದ್ದು. ಭತ್ತದ ಎಲೆಯಲ್ಲಿರುವ ಸಾರಜನಕದ ಸುಮಾರು ಮುಕ್ಕಾಲು ಪಾಲು ಕ್ಲೋರೋಪ್ಲಾಸ್ಟ್‌ಗಳಲ್ಲಿಯೇ ಇರುತ್ತದೆ. ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಗಳಲ್ಲಿನ ಕಣಗಳನ್ನು ಕರಗಿಸಿ ಹೊಸ ಎಲೆಗಳಿಗೆ ಸಾಗಿಸುತ್ತದೆ. ಹಾಗಾಗಿ ಹಳದಿ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಪತ್ರಹರಿತ್ತಿನ ಅಣುವಿನ ನಡುವೆ ಇರುವ ಧಾತು ಮೆಗ್ನೀಸಿಯಂ. ಭಾರಿ ಮಳೆಗೆ ಜಂಬಿಟ್ಟಿಗೆ ಮಣ್ಣಿನಿಂದ ಅದು ಬಸಿದು ಹೋಗುವ ಕರಾವಳಿಯಲ್ಲಿ ತೆಂಗು, ಅಡಿಕೆಗಳ ಹಳೆಯ ಸೋಗೆಗಳು ಅಂಚಿನಿಂದ ಹಳದಿಯಾಗಿ ನಡುದಿಂಡಿನ ಬಳಿ ಮಾತ್ರ ಹಸಿರು ಉಳಿಯುತ್ತದೆ. ಕಬ್ಬಿಣದ ಕೊರತೆಯಾದರೆ ಹಳದಿ ಬರುವುದು ಹೊಸ ಎಲೆಗಳಿಗೆ. ಆದರೆ ನಮ್ಮ ಆಮ್ಲೀಯ ಬೈಲುಗದ್ದೆಗಳಲ್ಲಿ ನೀರು ನಿಂತಾಗ ಕಬ್ಬಿಣದ ಕೊರತೆಗಿಂತ ಅದರ ಹೆಚ್ಚಳವೇ ತೊಂದರೆ ಕೊಡುತ್ತದೆ. ಆಗ ಹಳೆಯ ಎಲೆಗಳ ತುದಿಯಿಂದ ಕಂದು ಚುಕ್ಕೆಗಳು ಹರಡುತ್ತವೆ. ಯೂರಿಯಾ ಎರಚಿದರೆ ಅದು ಗುಣವಾಗದು. ನೀರನ್ನು ಬಸಿದು ಹಾಕುವುದು, ಮಣ್ಣು ಪರೀಕ್ಷೆಯಂತೆ ಸುಣ್ಣ ಮತ್ತು ಪೊಟ್ಯಾಷ್ ಕೊಡುವುದು ಅದಕ್ಕೆ ಪರಿಹಾರ. ಕಾರ್ತಿ ಬೆಳೆಯ ಕಾಲದಲ್ಲಿ ಮೋಡ ಮುಚ್ಚಿ ಬೆಳಕೇ ವಿರಳವಾಗಿರುವುದರಿಂದ ಒತ್ತಾಗಿ ನೆಟ್ಟ ಪೈರಿನ ಕೆಳಎಲೆಗಳು ನೆರಳಿಗೇ ಹಳದಿಯಾಗುತ್ತವೆ. ಎಂ.ಒ.-4ರಂಥ ತಳಿಯನ್ನು ನೆಡುವಾಗಲೂ ಅಂತರ ಕಾಯ್ದುಕೊಂಡು, ಸಾರಜನಕವನ್ನು ಕಂತುಗಳಲ್ಲಿ, ಎಲೆಬಣ್ಣದ ಪಟ್ಟಿಯನ್ನು ನೋಡಿ ಕೊಡುವುದು ಲೇಸು.

ಹಳದಿಯೆಲ್ಲವೂ ಗೊಬ್ಬರದ ಕೊರತೆಯಲ್ಲ ಎಂಬುದಕ್ಕೆ ಕಠೋರ ಉದಾಹರಣೆ ಕಾರಂತರ ಕಾದಂಬರಿಯೊಂದರ ನೆಲದಲ್ಲಿಯೇ ಇದೆ. 1943ರ ‘ಬೆಟ್ಟದ ಜೀವ’ದಲ್ಲಿ ಗೋಪಾಲಯ್ಯ ಮತ್ತು ಶಂಕರಿ ಎಂಬ ವೃದ್ಧ ದಂಪತಿ ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನ ನಡುವೆ ತೋಟ ಎಬ್ಬಿಸಿ ಬದುಕುತ್ತಾರೆ. ಇಂದು ಸುಳ್ಯದ ಸೀಮೆಯ ಎಷ್ಟೋ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಬರಿದು ಮಾಡಿದೆ. ಸಸ್ಯದ ಆಹಾರ ಸಾಗಿಸುವ ನಾಳಗಳಲ್ಲಿ ಸೇರಿಕೊಂಡ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಜಿಗಿಹುಳುಗಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಹಳದಿಯ ಕಾರಣವನ್ನು ತಿಳಿಯದೆ ವರ್ಷಗಟ್ಟಲೆ ಗೊಬ್ಬರಕ್ಕೆ ಸುರಿದ ಹಣ ತೋಟವನ್ನು ಉಳಿಸಲಿಲ್ಲ. ಗೋಪಾಲಯ್ಯನಂಥವರು ಕಟ್ಟಿದ ತೋಟಗಳ ಮೊಮ್ಮಕ್ಕಳು ಈಗ ಅಡಿಕೆಯ ಬದಲು ಏನನ್ನು ನೆಡಬೇಕೆಂದು ಕೇಳುತ್ತಿದ್ದಾರೆ.

ಮಣ್ಣಿನ ಬದುಕು ಕಾರಂತರ ಕಥನದಲ್ಲಿ ಅಲಂಕಾರವಾಗಿ ಬಂದುದಲ್ಲ. 1933ರ ‘ಚೋಮನ ದುಡಿ’ಯ ಚೋಮನಿಗೆ ಎತ್ತುಗಳಿವೆ, ದುಡಿಯುವ ತೋಳಿದೆ, ಉಳಲು ತನ್ನದೆನ್ನುವ ತುಂಡು ಭೂಮಿ ಮಾತ್ರ ಹುಟ್ಟಿದ ಜಾತಿಯ ಕಾರಣಕ್ಕೆ ದೊರೆಯುವುದಿಲ್ಲ. 1941ರ ‘ಮರಳಿ ಮಣ್ಣಿಗೆ’ ಸಾಲಿಗ್ರಾಮದ ಸಮೀಪದ ಕಡಲ ತಡಿಯ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ಆ ಕಾದಂಬರಿಯಲ್ಲಿ ಬೇಸಾಯವನ್ನು ನಿಜವಾಗಿ ಹೊತ್ತು ನಡೆಸುವವರು ಹೆಂಗಸರು; ಓದಿದ ಮಗ ಪೇಟೆಗೆ ಹೋಗುತ್ತಾನೆ, ಗದ್ದೆ ಬಡವಾಗುತ್ತದೆ, ಮೊಮ್ಮಗ ಮರಳಿ ಬರುತ್ತಾನೆ. ಇಂದು ಕರಾವಳಿಯಲ್ಲಿ ಆಳುಗಳ ಕೊರತೆಯಿಂದ, ಮನೆಯ ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಸೇರಿದ್ದರಿಂದ ಹಡಿಲು ಬಿದ್ದ ಗದ್ದೆಗಳನ್ನು ಕಂಡವರಿಗೆ ಆ ಪುಸ್ತಕ ಹಳೆಯದೆನಿಸುವುದಿಲ್ಲ. ಮರಳಿ ಬರುವವರ ಸಂಖ್ಯೆ ಕಾದಂಬರಿಯಲ್ಲಿ ಇರುವಷ್ಟು ಊರಿನಲ್ಲಿ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಎಪ್ಪತ್ತರ ದಶಕದಲ್ಲಿ ಅವರು ಪುತ್ತೂರನ್ನು ಬಿಟ್ಟು ಸಾಲಿಗ್ರಾಮಕ್ಕೆ ಬಂದರು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು, ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠ ದೊರೆಯಿತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು. ಒಟ್ಟು ಕಾದಂಬರಿಗಳು 47. ಇಷ್ಟಾಗಿಯೂ ಅವರು ಮನೆಯಲ್ಲಿ ಕುಳಿತು ಸನ್ಮಾನ ಸ್ವೀಕರಿಸುವ ಹಿರಿಯರಾಗಲಿಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬರುವುದನ್ನು ವಿರೋಧಿಸಿ, ಘಟ್ಟದ ಕಾಡು ಮತ್ತು ಅದರ ಕೆಳಗಿನ ಜನರ ಪರವಾಗಿ ಊರೂರು ತಿರುಗಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು. ಸ್ಥಾವರವೂ ಮುಂದೆ ಕಾರ್ಯಾರಂಭ ಮಾಡಿತು. ಅವರ ನಿಲುವನ್ನು ಒಪ್ಪದ ವಿಜ್ಞಾನಿಗಳೂ ಇದ್ದರು, ಇದ್ದಾರೆ. ಆದರೆ ಆ ಚರ್ಚೆಯನ್ನು ಕನ್ನಡದ ಹಳ್ಳಿಗಳು ತಮ್ಮದೇ ಭಾಷೆಯಲ್ಲಿ ನಡೆಸಲು ಸಾಧ್ಯವಾದದ್ದರಲ್ಲಿ, ವಿಜ್ಞಾನವನ್ನು ಕನ್ನಡದಲ್ಲಿ ಬರೆದಿಟ್ಟ ಅವರ ಹಿಂದಿನ ಶ್ರಮಕ್ಕೂ ಪಾಲಿದೆ.

ಸಾಲಿಗ್ರಾಮದ ದಿನಗಳಲ್ಲಿ ಬರವಣಿಗೆ ಕೊನೆಯವರೆಗೂ ನಡೆದಿತ್ತು. ತೊಂಬತ್ತೈದರ ಹರೆಯದಲ್ಲಿ ಅವರು ಕೈಗೆತ್ತಿಕೊಂಡದ್ದು ಹಕ್ಕಿಗಳನ್ನು ಕುರಿತ ಒಂದು ಪುಸ್ತಕ. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ಅವರು ನಿಧನರಾದರು. ಹಕ್ಕಿಗಳ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ ಅವರ ಜನ್ಮಶತಾಬ್ದಿಯ ವರ್ಷವಾದ 2002ರಲ್ಲಿ ಪ್ರಕಟಿಸಿತು.